ಕೈಗೆ ಸಿಗದ ತೋಳು

ಅದು ಎಂದಿನಂಥದೇ ಸಂಜೆ. ಹೊಳೆದಂಡೆಯ ಗರಡಿಮನೆಯಲ್ಲಿ ದುರಗಪ್ಪ ಬಸ್ಕಿ ಹೊಡೆಯುತ್ತಿದ್ದ.

ಹೊತ್ತು ಇಳಿಯುವಾಗ ಅವನಿಗೆ ಕುಡಿಯುವ ಆಸೆ ಏಳುತ್ತಿತ್ತು. ಸೆರೆಯಂಗಡಿ ಇದ್ದದ್ದು ಆಚೆ ದಂಡೆಯಲ್ಲಿ; ದೋಣಿ ಹತ್ತಿಯೇ ಹೋಗಬೇಕು. ಸರಿಯಾಗಿ ಆ ಹೊತ್ತಿಗೇ ಗರಡಿಗೆ ಬಾ ಎಂದು ಗುರು ಭರಮಪ್ಪ ಹೇಳಿದ್ದರು. ಬೆವರು ಹರಿದ ಮೇಲೆ ಆಸೆ ತಗ್ಗುತ್ತಿತ್ತು. ದಿನವೂ ಕುಡಿಯುತ್ತಿದ್ದವನು ಈಗ ಸಂತೆಯ ದಿನ ಮಾತ್ರ ಕುಡಿಯುತ್ತಿದ್ದ.

ಅವನ ಜೊತೆಗೇ ಗರಡಿಗೆ ಬಂದ ಅಡಿವೆಪ್ಪನೂ ಹಿಂದೆ ಕುಡುಕನೇ. ಆದರೆ ಅವನು ಸಂತೆಯ ದಿನವೂ ಕುಡಿಯುತ್ತಿರಲಿಲ್ಲ. ಸಂಜೆಯಿಡೀ ಏನೋ ಗುನುಗುತ್ತ ಸಾಮು ಮಾಡುತ್ತಿದ್ದ. ಆ ಗುನುಗು ಕೇಳಿದರೆ ದುರಗಪ್ಪನ ಹೊಟ್ಟೆ ಉರಿಯುತ್ತಿತ್ತು.

ಆ ಸಂಜೆ ಗುರುಗಳು ಅಡಿವೆಪ್ಪನನ್ನು ಕರೆದರು. "ನಾಳೆಯಿಂದ ಹೊಸಬರಿಗೆ ನೀ ಸಾಮು ಕಲಿಸು."

ದುರಗಪ್ಪನ ಬಸ್ಕಿ ನಿಂತಿತು.

"ನಾ ಯಾಕ ಬ್ಯಾಡ್ರಿ, ಗುರುಗಳ?"

"ನೀ ಬಸ್ಕಿ ಹೊಡಿ."

"ಅವನಿಗೇನು ಕೋಡು ಮೂಡ್ಯಾವೇನ್ರಿ? ಇಬ್ಬರೂ ಒಂದ ಅಂಗಡಿ ಮುಂದ ಬಿದ್ದವರು."

ಅಡಿವೆಪ್ಪ ನಕ್ಕ. "ನನಗಿಂತ ನೀನ ಜೋರ ಬೀಳತಿದ್ದಿ ಬಿಡೋ, ದುರಗ್ಯಾ."

ಎಲ್ಲರೂ ನಕ್ಕರು.

"ನಾಳೆ ಅಖಾಡಕ್ಕ ಬಾ," ಎಂದ ದುರಗಪ್ಪ. "ಯಾರು ಬೀಳತಾರ ನೋಡೂಣು."

ಆ ಗರಡಿಯಲ್ಲಿ ಒಂದು ಪದ್ಧತಿ. ಕುಸ್ತಿಗೆ ಮೊದಲು ಪೈಲವಾನರು ಒಬ್ಬರ ಮೈಗೊಬ್ಬರು ಕೆಮ್ಮಣ್ಣು ಹಚ್ಚಬೇಕು. ಮಣ್ಣು ಇದ್ದರೆ ಬೆವರಿದ ಮೈ ಜಾರುವುದಿಲ್ಲ. ಎದುರಾಳಿಗೆ ಹಿಡಿತ ಸಿಗುತ್ತದೆ.

ಮರುದಿನ ಅಡಿವೆಪ್ಪ ದುರಗಪ್ಪನ ಭುಜಕ್ಕೆ ಬೊಗಸೆ ತುಂಬ ಮಣ್ಣು ಹಚ್ಚಿದ. ಮಣ್ಣು ನಿಲ್ಲಲಿಲ್ಲ. ದುರಗಪ್ಪ ಮನೆಯಲ್ಲೇ ಮೈತುಂಬ ಕುಸುಬೆ ಎಣ್ಣೆ ತಿಕ್ಕಿಕೊಂಡು ಬಂದಿದ್ದ.

ಅಡಿವೆಪ್ಪ ಎಲ್ಲಿ ಹಿಡಿದರೂ ಕೈ ಜಾರಿತು. ಸ್ವಲ್ಪ ಹೊತ್ತಿನಲ್ಲೇ ಅವನ ಬೆನ್ನು ನೆಲಕ್ಕೆ ತಾಗಿತು. ಅವನು ಎದ್ದು ಅಂಗೈ ಮೂಸಿ ನೋಡಿದ. ಅಂಗಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಹೊಸ ಹುಡುಗರು ಹಿಂದಿನಿಂದ ಕೇಕೆ ಹಾಕಿದರು.

"ಗೆದ್ದೆ, ಗುರುಗಳ."

"ಹೌದು. ನಿನ್ನ ಯಾರಿಗೂ ಹಿಡಿಲಿಕ್ಕೆ ಆಗಲಿಲ್ಲ."

ಗೆದ್ದರೂ ದುರಗಪ್ಪನ ಉರಿ ಆರಲಿಲ್ಲ. ಅಂದು ಸಂತೆಯ ದಿನವಲ್ಲ. ಆದರೂ ಕಾಲುಗಳು ದೋಣಿಗಟ್ಟೆಯ ಕಡೆ ನಡೆದವು.

ದೋಣಿ ಹತ್ತುವಾಗ ಬದಿಯಿಂದ ಯಾರೋ ಅವನ ತೋಳು ಹಿಡಿದರು. ಅಡಿವೆಪ್ಪ.

"ಬ್ಯಾಡೋ, ದುರಗ್ಯಾ. ಹೊಳ್ಳಿ ಹೋಗೂಣು ನಡಿ."

ದುರಗಪ್ಪ ತೋಳು ಜಗ್ಗಿದ. ಎಣ್ಣೆಗೆ ಕೈ ಜಾರಿತು. ದೋಣಿ ಹೊರಟಿತು. ಅಡಿವೆಪ್ಪ ದಂಡೆಯಲ್ಲೇ ಉಳಿದ.

ಮರುದಿನ ಸಂಜೆ ದುರಗಪ್ಪ ಗರಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಕುಡದೆ, ಗುರುಗಳ. ಎದ್ದು ನಿಲ್ಲಲಾರದಷ್ಟು ಕುಡದೆ. ಎಣ್ಣಿ ಹಚ್ಚಿದ್ದೂ ಖರೇ. ಹೋಗು ಅಂದ್ರ ಹೋಗತೀನಿ."

ಗುರುಗಳು ಬಾವಿಯಿಂದ ನೀರು ಸೇದಿದರು. ಅವನನ್ನು ಕಲ್ಲಿನ ಮೇಲೆ ಕೂರಿಸಿ ಸೀಗೆಪುಡಿ ಹಾಕಿ ತೋಳು, ಬೆನ್ನು, ಕುತ್ತಿಗೆ ತಿಕ್ಕಿದರು. ಎಣ್ಣೆಯ ಜಿಡ್ಡು ಪೂರ್ತಿ ಹೋಗುವವರೆಗೆ ತಿಕ್ಕಿದರು.

ಆಮೇಲೆ ಕರೆದರು. "ಅಡಿವೆಪ್ಪ, ಇವಗ ಮಣ್ಣು ಹಚ್ಚು."

ಈ ಸಲ ಮಣ್ಣು ನಿಂತಿತು. ಅಡಿವೆಪ್ಪ ಹಿಡಿದ ಹಿಡಿತದಿಂದ ದುರಗಪ್ಪನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಬಿದ್ದ. ಅಡಿವೆಪ್ಪ ಅವನನ್ನು ಕೈಹಿಡಿದು ಎಬ್ಬಿಸಿ, ಹೊಸ ಹುಡುಗರ ಕಡೆ ಹೋದ. ಗುನುಗು ಮತ್ತೆ ಶುರುವಾಯಿತು.

ದುರಗಪ್ಪ ಗುರುಗಳ ಹತ್ತಿರ ಬಂದು ಕೂತ.

"ಬಿದ್ದದ್ದಕ್ಕ ಸಂಕಟ ಇಲ್ರಿ."

"ಮತ್ತ?"

"ಮೋಸ ಮಾಡಿದಾಂವ ನಾ. ಆದರೂ ನಿನ್ನೆ ನನ್ನ ಉಳಸಾಕಂತ ಬೆನ್ನ ಹತ್ತಿ ಓಡಿ ಬಂದಾಂವ ಅಂವ. ಸೆರೆ ಬಿಟ್ಟ ಹೆಸರೂ ಅವಂದ, ಒಳ್ಳೆತನಾನೂ ಅವಂದ. ನನಗೇನು ಉಳೀತ್ರಿ? ಅಂವಗ ಆಸೇನ ಆಗೂದಿಲ್ಲೇನ್ರಿ?"

ಗುರುಗಳು ಅಖಾಡದ ಮಣ್ಣನ್ನು ಕೈಯಿಂದ ಸಮ ಮಾಡುತ್ತಿದ್ದರು.

"ರಾತ್ರಿ ಬಂದು ಎಲ್ಲಾ ಹೇಳಿದ," ಎಂದರು. "ಅಂವ ನಿನ್ನ ಬೆನ್ನ ಹತ್ತಿ ಬಂದಿರಲಿಲ್ಲ. ನೀ ಬರೂಕಿಂತ ಮೊದಲ ಅಲ್ಲಿ ನಿಂತು ದೋಣಿ ಕಾಯಾಕತ್ತಿದ್ದ."