ಆವೆಯಲ್ಲಿ ಸುಟ್ಟ ಹೊಳೆ

“ಗುರುಗಳೇ, ನಾನು ಇನ್ನೂ ಏನು ಮಾಡಿಟ್ಟರೆ ಈ ಮಕ್ಕಳಿಗೆ ವಿದ್ಯೆ ಹತ್ತೀತು?”

ಹೀಗೆ ಕೇಳಿದವನು ಅಡವಯ್ಯ. ಗುರುಗಳ ಬಳಿ ಏಳು ವರ್ಷ ಕಲಿತು ಹೋದವನು. ಈಗ ಎರಡು ಹರದಾರಿ ಆಚೆಯ ಊರಿನಲ್ಲಿ ಮಕ್ಕಳಿಗೆ ಅಕ್ಷರ, ಲೆಕ್ಕ ಹೇಳಿಕೊಡುತ್ತಿದ್ದ. ಸೋಮಾರಿ ಎಂದು ಅವನನ್ನು ಯಾರೂ ದೂರುವಂತಿರಲಿಲ್ಲ. ಅಕ್ಷರಕ್ಕೊಂದರಂತೆ ಹಲಸಿನ ಹಲಗೆಗಳನ್ನು ತಾನೇ ಕೆತ್ತಿದ್ದ. ಮಗ್ಗಿಗೆಂದು ಬಿದಿರಿನ ಚೌಕಟ್ಟಿನಲ್ಲಿ ಮಣಿ ಪೋಣಿಸಿದ್ದ. ಊರು, ಕೆರೆ, ಬೆಟ್ಟಗಳನ್ನೆಲ್ಲ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದು ಗೋಡೆಗೆ ಇಳಿಬಿಟ್ಟಿದ್ದ. ಒಂದು ವರ್ಷ ಈ ಕೆಲಸದಲ್ಲೇ ಕಳೆದಿತ್ತು. ಉಳಿ ಹಿಡಿದು ಹಿಡಿದು ಅಂಗೈ ದಡ್ಡುಗಟ್ಟಿತ್ತು.

ಮಕ್ಕಳು ಬಂದು ನೋಡುತ್ತಿದ್ದರು. ಕಣ್ಣರಳಿಸುತ್ತಿದ್ದರು. ಮನೆಗೆ ಹೋದ ಮೇಲೆ ಏನು ಕಲಿತಿರಿ ಎಂದು ಕೇಳಿದರೆ, ಹಲಗೆ ಬಹಳ ಚೆನ್ನಾಗಿದೆ ಎನ್ನುತ್ತಿದ್ದರು. ಅಷ್ಟೇ. ಕಲಿಯದ ಮಗುವನ್ನು ಎಷ್ಟು ದಿನ ಕಳಿಸುವುದು ಎಂದು ಮೂರು ಮನೆಯವರು ಆಗಲೇ ತಮ್ಮ ಮಕ್ಕಳನ್ನು ಬಿಡಿಸಿದ್ದರು. ಯುಗಾದಿಯ ಹೊತ್ತಿಗೆ ಉಳಿದವರೂ ಬಿಡಿಸುತ್ತಾರೆ ಎಂಬ ಸುದ್ದಿ ಅಡವಯ್ಯನ ಕಿವಿಗೆ ಬಿದ್ದಿತ್ತು. ಅವನಿಗೆ ಅನ್ನ ಸೇರುತ್ತಿರಲಿಲ್ಲ. ಒಂದೊಂದನ್ನೂ ಬಿಡಿಸಿ ಹೇಳಿಕೊಂಡ.

ಗುರುಗಳು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ದೊಡ್ಡ ಹೊಳೆ. ಜನ ಅದನ್ನು ದಾಟುವ ಜಾಗದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಹೊಲವಿಲ್ಲ, ತೋಟವಿಲ್ಲ. ಇದ್ದದ್ದು ಒಂದು ಹರಿಗೋಲು, ಒಬ್ಬಳು ಮಗಳು.

ಅಂಬಿಗನಿಗೆ ಹೊಳೆಯನ್ನು ಕಲಿಸಿದವನು ಅವನ ಸೋದರಮಾವ. ಮಾವನದು ಒಂದೇ ರೀತಿ. ಬೆಳಿಗ್ಗೆ ಎದ್ದೊಡನೆ ಅಳಿಯನ ಕೈಗೆ ಬಿದಿರಿನ ಗಳ ಕೊಟ್ಟು ನೀರಿಗಿಳಿಸುವುದು. ಅಳಿಯ ಹೆಜ್ಜೆ ಹೆಜ್ಜೆಗೂ ಗಳ ಊರಿ ಆಳ ನೋಡಿಕೊಂಡು ಬಂದು, ದಡದ ಒದ್ದೆ ಮಳಲಿನಲ್ಲಿ ಹೊಳೆಯನ್ನು ಮಾಡಿ ತೋರಿಸಬೇಕು. ಮಡುವಿದ್ದ ಕಡೆ ಹಿಮ್ಮಡಿ ಒತ್ತಿ ಗುಳಿ ಮಾಡುವುದು. ನೀರೊಳಗೆ ದಿಣ್ಣೆಯಿದ್ದ ಕಡೆ ಮಳಲಿನ ಗುಪ್ಪೆ. ಬಂಡೆಗೆ ಒಂದು ಕಲ್ಲು. ಮಾವ ಬಂದು ನೋಡುವನು. ತಪ್ಪಿದ್ದರೆ ‘ಮತ್ತೆ ಹೋಗು’ ಎನ್ನುವನು. ಸರಿಯಿದ್ದರೆ ಏನೂ ಹೇಳದೆ ಕಾಲಿನಿಂದ ಅಳಿಸಿಬಿಡುವನು. ಮರುದಿನ ಮೊದಲಿಂದ ಶುರು.

ಅಳಿಯನಿಗೆ ಇದರಿಂದ ಬಹಳ ನೋವಾಗುತ್ತಿತ್ತು. ಅರ್ಧ ಹಗಲು ಚಳಿಯಲ್ಲಿ ನಡುಗಿ ಮಾಡಿದ್ದನ್ನು ಒಂದು ಕಾಲಿನಲ್ಲಿ ಒರೆಸಿಬಿಡುವುದೆಂದರೆ ಏನು? ಒಂದು ಸಲ ಗಳ ಜಾರಿ ಮಡುವಿಗೆ ಬಿದ್ದು, ಹೊಟ್ಟೆ ತುಂಬ ನೀರು ಕುಡಿದು, ಸಾವಿನ ಬಾಗಿಲು ತಟ್ಟಿ ಬಂದ. ಅಂದೇ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡ. ನಾನು ಕಲಿಸುವ ಕಾಲ ಬಂದರೆ ಯಾವ ಮಗುವನ್ನೂ ಹೀಗೆ ಗೋಳು ಹೊಯ್ದುಕೊಳ್ಳುವುದಿಲ್ಲ ಎಂದು.

ಕಾಲ ಬಂತು. ಮಾವ ತೀರಿಕೊಂಡ. ಅಂಬಿಗ ದೊಡ್ಡವನಾದ, ಅವನಿಗೆ ಮಗಳು ಹುಟ್ಟಿದಳು. ಆ ಹೊಳೆಯಲ್ಲಿ ಹೆಣ್ಣುಮಕ್ಕಳೂ ಹರಿಗೋಲಿನ ಹುಟ್ಟು ಹಿಡಿಯುವುದಿತ್ತು. ಮಗಳು ಹತ್ತು ವರ್ಷದವಳಾದಾಗ ಅಂಬಿಗ ಕುಂಬಾರನ ಮನೆಗೆ ಹೋದ. ಒಂದು ಮೊಳ ಅಗಲದ ಇಪ್ಪತ್ತು ಮಣ್ಣಿನ ಬಿಲ್ಲೆ ಮಾಡಿಸಿದ. ಒಂದರ ಪಕ್ಕ ಒಂದಿಟ್ಟರೆ ಇಡೀ ಹೊಳೆ. ಹಸಿ ಇರುವಾಗಲೇ ಮಡುವು, ದಿಣ್ಣೆ, ಬಂಡೆಗಳನ್ನೆಲ್ಲ ತನ್ನ ಕೈಯಾರೆ ತಿದ್ದಿದ. ಸಂಶಯ ಬಂದಾಗೆಲ್ಲ ಓಡಿಹೋಗಿ ನೀರಿಗಿಳಿದು ಗಳ ಊರಿ ನೋಡಿ ಬಂದ. ತಿದ್ದಿದ್ದನ್ನು ಕುಂಬಾರ ಆವೆಯಲ್ಲಿ ಸುಟ್ಟುಕೊಟ್ಟ. ಅಂಬಿಗ ಅದಕ್ಕೆ ಬಣ್ಣ ಹಚ್ಚಿದ. ಮಡುವಿಗೆ ನೀಲಿ, ದಿಣ್ಣೆಗೆ ಹಳದಿ, ಬಂಡೆಗೆ ಕಪ್ಪು. ಮನೆಯ ಪಡಸಾಲೆಯಲ್ಲಿ ಜೋಡಿಸಿದ.

ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಮೇಲಿನೂರಿನವರು, ಕೆಳಗಿನೂರಿನವರು, ಯಾತ್ರೆ ಹೋಗುವವರು, ಎಲ್ಲರೂ ಹೊಳೆ ದಾಟುವ ಮುಂಚೆ ಪಡಸಾಲೆಗೆ ಬಂದು ಈ ಹೊಳೆಯನ್ನು ನೋಡಿಕೊಂಡು ಹೋಗುತ್ತಿದ್ದರು. ಅಂಬಿಗ ಅದರ ಸುತ್ತ ಒಂದು ಹಗ್ಗ ಕಟ್ಟಿದ. ಯಾರೂ ಮುಟ್ಟಬಾರದು. ಮಗಳೂ ಮುಟ್ಟಬಾರದು. ಅವಳು ಹಗ್ಗದ ಈಚೆ ಕೂತು ನೋಡಬೇಕು, ಅವನು ಉದ್ದನೆಯ ಕೋಲಿನಿಂದ ತೋರಿಸುತ್ತ ಹೇಳಬೇಕು.

ಮಗಳು ಬಹಳ ಚುರುಕು. ಮೂರು ತಿಂಗಳಲ್ಲಿ ಇಪ್ಪತ್ತು ಬಿಲ್ಲೆಯೂ ಬಾಯಿಗೆ ಬಂತು. ಕೋಲು ಎಲ್ಲಿಟ್ಟರೂ ಅಲ್ಲಿ ಎಷ್ಟು ಆಳ, ಎಡಕ್ಕೇನು, ಬಲಕ್ಕೇನು ಎಂದು ಪಟಪಟ ಒಪ್ಪಿಸುತ್ತಿದ್ದಳು. ಬಂದ ಯಾತ್ರಿಕರು ತಲೆದೂಗುತ್ತಿದ್ದರು. ಅಪ್ಪನ ಎದೆ ಉಬ್ಬುತ್ತಿತ್ತು. ತಾನು ಕುಡಿದ ನೀರನ್ನು ಮಗಳು ಕುಡಿಯಬೇಕಾಗಿ ಬರಲಿಲ್ಲವಲ್ಲ ಎಂದು ಅವನಿಗೆ ಎಷ್ಟೋ ಸಮಾಧಾನ. ಅವಳಿಗೆ ಹರಿಗೋಲು ತಿರುಗಿಸುವುದನ್ನೂ ಕಲಿಸಿದ. ಅದನ್ನು ನಿಂತ ನೀರಿನಲ್ಲಿ, ದಂಡೆಯ ಪಕ್ಕದಲ್ಲೇ ಕಲಿಸಿದ.

ಹೊಳೆ ಸುಮ್ಮನಿರುವುದಿಲ್ಲ ಎಂಬುದು ಅಂಬಿಗನಿಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ಮಳೆಗಾಲ ಕಳೆದ ಮೇಲೂ ಅವನು ನೀರಿಗಿಳಿದು ಎಂಟು ದಿನ ಗಳ ಊರುತ್ತಿದ್ದ. ದಿಣ್ಣೆ ಸರಿದಿದ್ದರೆ ಆ ಬಿಲ್ಲೆಯನ್ನು ತೆಗೆದು ಹೊಸದು ಮಾಡಿಸಿ ಇಡುತ್ತಿದ್ದ. ಮಗಳು ಹೊಸ ಬಿಲ್ಲೆಯನ್ನು ಅದೇ ದಿನ ಬಾಯಿಪಾಠ ಮಾಡುತ್ತಿದ್ದಳು. ಹೀಗೆ ಏಳು ವರ್ಷ ನಡೆಯಿತು. ಹೊಳೆಯಲ್ಲಿದ್ದದ್ದು ಪಡಸಾಲೆಯಲ್ಲಿ ಇಲ್ಲವೆನ್ನುವ ಹಾಗಿರಲಿಲ್ಲ.

ಎಂಟನೆಯ ವರ್ಷ ಒಂದು ಅನಾಹುತವಾಯಿತು. ಹರಿಗೋಲಿನಲ್ಲಿ ಸಾಗಿಸುತ್ತಿದ್ದ ಎತ್ತೊಂದು ಬೆದರಿ ಒದ್ದು, ಅಂಬಿಗನ ಬಲ ಭುಜ ಕಳಚಿತು. ಕಟ್ಟು ಹಾಕಿಸಿದರೂ ಕೂಡಿಕೊಳ್ಳಲಿಲ್ಲ. ಆ ರಟ್ಟೆಯಿಂದ ಇನ್ನು ಹುಟ್ಟು ಹಾಕುವಂತಿಲ್ಲ. ಹರಿಗೋಲು ಮಗಳ ಕೈಗೆ ಬರಬೇಕಾದ ಕಾಲ ಅದು.

ಅಲ್ಲಿ ಒಂದು ಕಟ್ಟಳೆ ಇತ್ತು. ಪ್ರವಾಹ ಇಳಿದು ದಾಟುವುದು ಶುರುವಾಗುವ ದಿನ ಗಂಗೆಗೆ ಬಾಗಿನ ಬಿಟ್ಟ ಮೇಲೆ, ಎರಡೂ ದಡದ ಹಿರಿಯರು ಹೊಸ ಅಂಬಿಗನ ಹರಿಗೋಲಿನಲ್ಲಿ ಕೂರುವರು. ಅವರನ್ನು ಆಚೆ ಮುಟ್ಟಿಸಿ ಈಚೆಗೆ ಕರೆತಂದರೆ ದಾಟಿಸುವ ಹಕ್ಕು ಆ ಮನೆಗೆ. ಹರಿಗೋಲು ನೆಲ ಕಚ್ಚಿದರೆ, ಇಲ್ಲವೇ ಸೆಳವಿಗೆ ಸಿಕ್ಕಿದರೆ, ಹಕ್ಕು ಎದುರು ದಡದ ಅಂಬಿಗರ ಮನೆಗೆ ಹೋಗುವುದು. ತಕರಾರಿಲ್ಲ, ಎರಡನೆಯ ಸಲವಿಲ್ಲ.

ಅಂಬಿಗನಿಗೆ ಅಳುಕಿರಲಿಲ್ಲ. ಹಿಂದಿನ ಎಂಟು ದಿನವೂ ನೋಯುವ ಭುಜ ಇಟ್ಟುಕೊಂಡೇ ನೀರಿಗಿಳಿದು ಎಲ್ಲವನ್ನೂ ನೋಡಿ ಬಂದಿದ್ದ. ಬಿಲ್ಲೆಗಳಲ್ಲಿ ಒಂದು ಬೆರಳಷ್ಟೂ ವ್ಯತ್ಯಾಸವಿರಲಿಲ್ಲ. ಮಗಳು ಬೆಳಿಗ್ಗೆ ಒಂದು ಸಲ ಒಪ್ಪಿಸಿದಳು. ಎಲ್ಲಿಯೂ ತಡವರಿಸಲಿಲ್ಲ.

ಹಿರಿಯರಿಬ್ಬರು ಹತ್ತಿ ಕೂತರು. ಮಗಳು ಹರಿಗೋಲು ನೂಕಿದಳು. ದಂಡೆಯ ಪಕ್ಕ ಚೆನ್ನಾಗಿಯೇ ಹೋಯಿತು. ನಾಲ್ಕು ಮಾರು ದಾಟಿತು, ಎಂಟು ಮಾರು ದಾಟಿತು. ಆಮೇಲೆ ಅವಳು ಹುಟ್ಟು ನಿಲ್ಲಿಸಿದಳು. ಮುಂದೆ ನೋಡಿದಳು, ಹಿಂದೆ ನೋಡಿದಳು. ಸುತ್ತ ಕೆಂಪು ನೀರು ಒಂದೇ ಸಮ ಹರಿಯುತ್ತಿತ್ತು. ಕಣ್ಣು ಮುಚ್ಚಿ ಪಡಸಾಲೆಯನ್ನು ನೆನೆದಳು. ಏಳನೆಯ ಬಿಲ್ಲೆ, ನೀಲಿ ಮಡುವು, ಅದರ ಬಲಕ್ಕೆ ಕಪ್ಪು ಬಂಡೆ. ಎಲ್ಲ ನೆನಪಿತ್ತು. ಕಣ್ಣು ತೆರೆದರೆ ಯಾವುದೂ ಇರಲಿಲ್ಲ.

ದಡದ ಮೇಲಿಂದ ಅಪ್ಪ ಕೂಗಿದ. “ಯಾಕವ್ವಾ ನಿಂತಿ? ಏಳನೇದು ಬಂತು, ಎಡಕ್ಕ ತಿರುಗು!”

ಮಗಳು ತಿರುಗಿ ಕೂಗಿದಳು. “ಯಪ್ಪಾ, ಇಲ್ಲಿ ಎಲ್ಲಾ ಒಂದ ಬಣ್ಣ ಐತಿ!”

ಅಂಬಿಗ ನೀರಿನ ಅಂಚಿಗೆ ಓಡಿದ. ಗಳ ಊರಿ ನೋಡು ಎಂದು ಬಾಯಿ ಹರಿಯುವಂತೆ ಅರಚಿದ. ಅವಳು ಗಳ ಊರಿದಳು. ಗಳ ಕೈಯಲ್ಲಿ ನಡುಗಿತು. ಆ ನಡುಕ ಮಳಲಿನದೋ, ಸೆಳವಿನದೋ, ಬಂಡೆಯದೋ ಅವಳಿಗೆ ತಿಳಿಯಲಿಲ್ಲ. ಗಳದ ಮಾತನ್ನು ಅವಳು ಒಂದು ದಿನವೂ ಕೇಳಿದವಳಲ್ಲ. ಅಷ್ಟರಲ್ಲಿ ಹರಿಗೋಲು ಗಿರ್ರನೆ ತಿರುಗಿ ಬಂಡೆಗಳ ಕಡೆಗೆ ಸರಿಯತೊಡಗಿತು. ಹಿರಿಯರು ಅಂಚು ಹಿಡಿದುಕೊಂಡು ಹೊಳೆತಾಯಿ ಗಂಗವ್ವನನ್ನು ಕೂಗಿದರು.

ಅಂಬಿಗ ಹಿಂದೆ ಮುಂದೆ ನೋಡದೆ ಹೊಳೆಗಿಳಿದ. ಈಜುವುದಕ್ಕೆ ಅವನಿಗೆ ತೋಳಿರಲಿಲ್ಲ. ಅವನು ನಡೆದುಕೊಂಡು ಹೋದ. ದಡದ ಜನ ಕಣ್ಣು ಬಿಟ್ಟು ನೋಡುತ್ತಿದ್ದರು. ಆಳುದ್ದ ನೀರಿರುವ ಹೊಳೆಯಲ್ಲಿ ಅವನು ಎದೆಮಟ್ಟದ ನೀರಿನಲ್ಲಿ, ಒಮ್ಮೆ ಎಡಕ್ಕೆ ಹೊರಳಿ ಒಮ್ಮೆ ಬಲಕ್ಕೆ ಹೊರಳಿ, ಕಾಣದ ದಿಣ್ಣೆಗಳ ಮೇಲೆ ಕಾಲಿಟ್ಟು ನಡುಹೊಳೆಯವರೆಗೂ ನಡೆದ. ಬಂಡೆಗೆ ಎರಡು ಮಾರು ಇರುವಾಗ ಹರಿಗೋಲಿನ ಅಂಚು ಹಿಡಿದ. ಎಡಗೈಯಲ್ಲಿ ಎಳೆಯುತ್ತ, ಹೋದ ದಾರಿಯಲ್ಲೇ ದಡಕ್ಕೆ ತಂದ. ಯಾರ ಪ್ರಾಣವೂ ಹೋಗಲಿಲ್ಲ.

ಹಿರಿಯರು ಪಂಚೆ ಹಿಂಡಿಕೊಂಡರು. ಆಮೇಲೆ ಅವರಲ್ಲಿ ದೊಡ್ಡವನು ಹೇಳಿದ. “ತಮ್ಮಾ, ಹೊಳಿ ಗೊತ್ತಿರೋ ನಿನಗ ರಟ್ಟಿ ಇಲ್ಲ. ರಟ್ಟಿ ಇರೋ ಮಗಳಿಗೆ ಹೊಳಿ ಗೊತ್ತಿಲ್ಲ. ನಾವೇನು ಮಾಡೂಣು?”

ಹಕ್ಕು ಎದುರು ದಡಕ್ಕೆ ಹೋಯಿತು. ಯಾರೂ ತಕರಾರು ಮಾಡಲಿಲ್ಲ.

ಅಪ್ಪ ಮಗಳು ಇಬ್ಬರೇ ಉಳಿದರು. ಮಗಳು ಅಳುತ್ತಿದ್ದಳು. ಅಳುತ್ತಲೇ ಕೇಳಿದಳು. “ಯಪ್ಪಾ, ನೀರಾಗ ಏನೂ ಕಾಣಂಗಿಲ್ಲ. ನೀ ಹ್ಯಾಂಗ ನಡಕೋತ ಬಂದಿ?”

ಅಂಬಿಗ ಯೋಚನೆ ಮಾಡಿದ. “ಗೊತ್ತಿಲ್ಲವ್ವಾ. ಕಾಲ ಕರಕೊಂಡು ಬಂದವು” ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಅಡವಯ್ಯ ಕಾದ. ಇನ್ನೂ ಏನಾದರೂ ಇರಬಹುದು ಎಂದುಕೊಂಡ. ಇರಲಿಲ್ಲ. ಏಳು ವರ್ಷ ಮೈಮುರಿದು ದುಡಿದ ಅಂಬಿಗನಿಗೆ ಇದೆಂಥ ಶಿಕ್ಷೆ? ಮಗಳು ದಡ್ಡಳಲ್ಲ. ಅಪ್ಪ ಮೋಸಗಾರನಲ್ಲ. ಬಿಲ್ಲೆಗಳಲ್ಲಿ ಸುಳ್ಳಿರಲಿಲ್ಲ. ಅಡವಯ್ಯ ತನ್ನ ಶಾಲೆಯನ್ನು ನೆನೆದ. ಅಲ್ಲಿಯೂ ಸುಳ್ಳೆಂಬುದಿಲ್ಲ. ಈ ಮಾತನ್ನು ಗುರುಗಳು ತಿಳಿಯಲೇಬೇಕು ಎನ್ನಿಸಿತು.

“ಗುರುಗಳೇ, ನನ್ನ ಹಲಗೆಗಳಲ್ಲೂ ಒಂದು ಗೆರೆ ತಪ್ಪಿಲ್ಲ. ಬೇಕಾದರೆ ತಾವೇ ಪರೀಕ್ಷೆ ಮಾಡಿ. ಒಂದೊಂದು ಅಕ್ಷರವನ್ನೂ ಹತ್ತು ಸಲ ಕೆತ್ತಿ, ಹೆರೆದು ಅಳಿಸಿ, ಮತ್ತೆ ಕೆತ್ತಿದ್ದೇನೆ. ಈಗ ಯಾವ ಅಕ್ಷರ ಹೇಳಿದರೂ ಕಣ್ಣು ಮುಚ್ಚಿಕೊಂಡು ಕೆತ್ತಬಲ್ಲೆ. ಮಗ್ಗಿಯ ಮಣಿಗಳನ್ನು ಪೋಣಿಸಿ ಪೋಣಿಸಿ ನನಗೆ ಇಪ್ಪತ್ತರ ಮಗ್ಗಿ ಕನಸಿನಲ್ಲೂ ಬರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಆ ಶಾಲೆಯಲ್ಲಿ ಒಬ್ಬರೂ ಕಲಿಯಲಿಲ್ಲವಲ್ಲ!”

ಗುರುಗಳು ಅವನ ದಡ್ಡುಗಟ್ಟಿದ ಅಂಗೈಯನ್ನು ನೋಡಿದರು.

“ಒಬ್ಬ ಕಲಿತಿದ್ದಾನಪ್ಪ, ಬಹಳ ಚೆನ್ನಾಗಿ ಕಲಿತಿದ್ದಾನೆ” ಎಂದರು.

ಅಡವಯ್ಯ ತನ್ನ ಅಂಗೈಯನ್ನೇ ನೋಡಿಕೊಂಡ.