ನೀರುಗಂಬ ಮತ್ತು ಅಷ್ಟಮಿಯ ಚಂದ್ರ

ಕರಿಬಂಡೆ ಕೋಟೆಯ ಅರಸ ಮಲ್ಲಣ್ಣೊಡೆಯ ಡಂಗುರ ಸಾರಿಸಿದ: "ಅರಸರ ಮೂರು ಒಗಟು ಬಿಡಿಸಿದವನಿಗೆ ಅಳಿವೆಯ ದಂಡೆ ಉಂಬಳಿ! ತಪ್ಪಿದವನಿಗೆ ನೀರುಗಂಬ! ಯಾರಾದರೂ ಬರಲಿ, ಯಾವತ್ತಾದರೂ ಬರಲಿ. ಮಾಗಿ ಮುಗಿಯುವುದರೊಳಗೆ ಯಾರೂ ಗೆಲ್ಲದಿದ್ದರೆ ದಂಡೆಯ ಗುಡಿಸಲು ಕೀಳಿಸಿ ಹಡಗುಕಟ್ಟೆ ಕಟ್ಟಲಾಗುವುದು!"

ನೀರುಗಂಬ ಎಂದರೆ ಅಳಿವೆಯ ನಡುವೆ ನೆಟ್ಟ ಮರದ ಕಂಬ. ಇಳಿತದ ಹೊತ್ತಿಗೆ ಆಳನ್ನು ಅದಕ್ಕೆ ಬಿಗಿದು ಬರುತ್ತಿದ್ದರು. ಭರತದ ನೀರು ಏರಿದ ಮೇಲೆ ಉಳಿದ ಕೆಲಸ ಸಮುದ್ರದ್ದು. ಖರ್ಚಿಲ್ಲದ ಶಿಕ್ಷೆ.

ಹುಣ್ಣಿಮೆ ಶುಭದಿನವೆಂದು ಪಂಡಿತ ತಿರುಮಲಯ್ಯ ಅಂದೇ ಬಂದ. ಅರಸ ಕೇಳಿದ: "ದಿನಕ್ಕೆರಡು ಸಲ ನನ್ನ ಕೋಟೆಯನ್ನು ಮುತ್ತಿ ಹಿಂದಿರುಗುವ ದಂಡು ಒಂದಿದೆ. ಅದರ ದಂಡನಾಯಕ ಯಾರು?"

"ಕಡಲ ನೀರೇ ದಂಡು, ಗಾಳಿಯೇ ನಾಯಕ, ಪ್ರಭು."

ಮಧ್ಯಾಹ್ನಕ್ಕೆ ಪಂಡಿತನ ರುಮಾಲು ಮಾತ್ರ ತೇಲುತ್ತಿತ್ತು.

ಅಮಾವಾಸ್ಯೆಗೆ ಹಡಗು ನಡೆಸುವ ತಾಂಡೇಲ ದುಗ್ಗಪ್ಪ ಬಂದ. ಮೊದಲನೆಯದಕ್ಕೆ "ಚಂದ್ರ" ಎಂದು ಥಟ್ಟನೆ ಹೇಳಿದ. ಅರಸ ಹುಬ್ಬು ಗಂಟಿಕ್ಕಿ ಎರಡನೆಯದನ್ನು ಎಸೆದ: "ಬೆಳಕು ಹೆಚ್ಚಿದಂತೆ ಬಡವಾಗಿ, ಕತ್ತಲು ಹೆಚ್ಚಿದಂತೆ ಕೊಬ್ಬುವವನು ಯಾರು?"

"ಕಳ್ಳ!"

"ನಾನು ಕೇಳಿದ್ದು ಒಗಟು, ನಿನ್ನ ಕಸುಬಲ್ಲ."

ಅವನನ್ನೂ ಕಟ್ಟಿದರು.

ದಂಡೆಯಲ್ಲಿ ಚಿಪ್ಪಿ ಹೆಕ್ಕಿ ಬದುಕುವ ಜಟ್ಟಿ "ನಾನು ಹೋಗ್ತೇನೆ" ಎಂದವನು ಎಂಟು ದಿನ ಕೂತೇ ಇದ್ದ.

"ಯಾಕೋ, ಕಾಲು ನಡುಗ್ತದಾ?" ನೆರೆಮನೆಯ ಬೆಳ್ಳಿ ಕೆಣಕಿದಳು.

"ದಿನ ನೋಡ್ತಿದ್ದೇನೆ ಅತ್ತೆ."

ಅಷ್ಟಮಿಯ ಬೆಳಿಗ್ಗೆ ಹೋಗಿ ನಿಂತ. ಅರಸ ಮೂಗು ಮುಚ್ಚಿಕೊಂಡ. "ಈ ಕೆಸರಿನ ನಾತ ಎಲ್ಲಿಂದ?"

"ಕೆಸರಿಂದಲೇ ಒಡೆಯಾ. ಮೊದಲನೆಯದಕ್ಕೆ ಚಂದ್ರ, ಅದು ಈಗ ಊರಿಗೇ ಗೊತ್ತು. ಎರಡನೆಯದು ಏಡಿ. ಬೆಳದಿಂಗಳಿದ್ದರೆ ಹೊರಗೆ ಮೇಯಲು ಹೆದರ್ತದೆ. ಹುಣ್ಣಿಮೆ ಏಡಿ ಒಡೆದರೆ ಬರೀ ನೀರು, ಅಮಾವಾಸ್ಯೆ ಏಡಿಗೆ ಮೈತುಂಬ ಮಾಂಸ. ಮೀನು ಮಾರೋರನ್ನು ಕೇಳಿ ನೋಡಿ."

ಅರಸ ಹಲ್ಲು ಕಡಿದ. "ಮೂರನೆಯದು. ಆ ಕಂಬಕ್ಕೆ ಕಟ್ಟಿದರೂ ಸಾಯದವನು ಯಾರು?" ಅವನ ಮನಸ್ಸಿನಲ್ಲಿದ್ದ ಉತ್ತರ 'ಯಾರೂ ಇಲ್ಲ' ಎಂಬುದು.

"ಅಷ್ಟಮಿ ದಿನ ಕಟ್ಟಿಸಿಕೊಂಡವನು."

"ಇವತ್ತೇನು ತಿಥಿ?"

"ಅಷ್ಟಮಿಯೇ."

"ಕಟ್ಟಿ ಇವನನ್ನು!"

ನಡುಹಗಲಿನ ಇಳಿತದಲ್ಲಿ ಕಟ್ಟಿದರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಹೊತ್ತು ಇಳಿಯುವಾಗ ಎದೆಗೆ ಬಂತು. ದಂಡೆಯ ಮೇಲೆ ಬೆಳ್ಳಿ ಗೋಳಾಡಿದಳು. "ಇನ್ನೂ ಏರ್ತದೆ, ನೋಡುತ್ತಿರು!" ಎಂದು ಕೋಟೆಯಿಂದ ಅರಸ ಕೂಗಿದ.

ಏರಲಿಲ್ಲ. ಎದೆಯಲ್ಲೇ ನಿಂತು, ಮೆಲ್ಲಗೆ ಇಳಿಯಿತು.

ಬಿಚ್ಚಿ ತಂದು ನಿಲ್ಲಿಸಿದಾಗ ಜಟ್ಟಿ ನಡುಗುತ್ತಲೇ ಹೇಳಿದ: "ಹುಣ್ಣಿಮೆ, ಅಮಾವಾಸ್ಯೆಗೆ ಚಂದ್ರ ನೀರನ್ನು ಜೋರಾಗಿ ಎಳೀತಾನೆ. ಅರ್ಧಚಂದ್ರನ ದಿನ ಭರತಕ್ಕೆ ಬಲವಿಲ್ಲ. ನಾವು ದಿನಾ ಅದರೊಳಗೆ ಬಗ್ಗಿ ದುಡಿಯೋರು. ನೀವು ಕಿಟಕಿಯಿಂದ ನೋಡಿದೋರು."

ನೆರೆದ ಜನ ಅರಸನ ಮುಖವನ್ನೇ ನೋಡುತ್ತಿದ್ದರು. ಊರೆಲ್ಲ ಸಾರಿಸಿದ ಮಾತನ್ನು ನುಂಗಿದರೆ ನಾಳೆ ಅವನ ಡಂಗುರಕ್ಕೆ ಕಿವಿಗೊಡುವವರಾರು? ಉಂಬಳಿಯ ಓಲೆಯನ್ನು ಎಸೆದ. "ತಗೊಂಡು ತೊಲಗು!"

"ಕಂಬವನ್ನೂ ಕೊಡಿ ಒಡೆಯಾ. ಒಳ್ಳೇ ಮರ, ದೋಣಿ ಕಟ್ಟೋಕೆ ಬೇಕು."

ಮರುದಿನದ ಇಳಿತದಲ್ಲಿ ದಂಡೆಯವರೆಲ್ಲ ಸೇರಿ ಅದನ್ನು ಕಿತ್ತರು.