ಮುಗಿಲಾಗ ಹಿಟ್ಟು ಚೆಲ್ಲಿದ್ದು ಯಾಕ

ಜಗತ್ತಿನ್ನೂ ಹಸಿಹಸಿ ಇದ್ದಾಗಿನ ಮಾತಿದು. ಆಗ ಕೋಳಿಗೆ ಕೂಗಾಕ ಬರ್ತಿದ್ದಿಲ್ಲ. ಮುಗಿಲಾಗ ಈ ಬಿಳಿ ಪಟ್ಟಿನೂ ಇದ್ದಿಲ್ಲ. ಬೆಳಗಿನ ಬೆಳ್ಳಿ ಚುಕ್ಕಿ ಮೂಡಿದ್ದ ನೋಡಿ ಹೆಣ್ಮಕ್ಕಳು ಏಳೋರು, ಜೋಳ ಬೀಸೋರು.

ಅವರಾಗ ಸಂಕವ್ವ ಅಂತ ಒಬ್ಬಾಕಿ. ಓಣಿಗೆಲ್ಲಾ ತನ್ನ ಬೀಸೋಕಲ್ಲೇ ಮೊದಲ ಗುಡುಗಬೇಕು ಅನ್ನೋ ಸೊಕ್ಕು. ಹಡದು ಮೂರು ತಿಂಗಳಾಗಿತ್ತು, ಹೊಟ್ಟಿ ಇಳದಿತ್ತು, ಸೊಕ್ಕು ಇಳದಿದ್ದಿಲ್ಲ.

ಒಂದಿನ ಎದ್ದು ನೋಡ್ತಾಳ, ಚುಕ್ಕಿ ಫಳಫಳ ಅಂತೈತಿ. ತೊಡಿ ಮ್ಯಾಲ ಕೂಸಿನ್ನ ಮಲಗಿಸ್ಕೊಂಡು ಬೀಸಾಕ ಕುಂತಳು.

ಗಾಳಿ ಬಾಗಲದಾಗ ಬಂದು ಹೇಳ್ತು, "ಯವ್ವಾ, ಅದು ಕಳ್ಳ ಬೆಳ್ಳಿ. ಖರೇ ಬೆಳ್ಳಿ ಮೂಡಾಕ ಇನ್ನೂ ಭಾಳ ಹೊತ್ತೈತಿ. ಮಲಕೊ ಹೋಗು."

"ಮನಿಮನಿ ತಿರುಗಾಕಿ, ನೀ ನನಗ ಬುದ್ಧಿ ಹೇಳ್ತಿ?"

ಗಾಳಿ ಬಂದ ದಾರಿಲೇ ಹೊಳ್ಳಿ ಹೋತು.

ಗರ್ರ್... ಗರ್ರ್... ಒಂದು ಹಾಡು ಮುಗಿಯೂದ್ರಾಗ ಕಲ್ಲು ಹಗೂರಾತು. ನೋಡ್ತಾಳ, ಎದುರಿಂದ ಇನ್ನೊಂದು ಕೈ ಗೂಟ ಹಿಡದೈತಿ. ಕರ್ರನ್ನ ಕೈ. ಬಳಿ ಇಲ್ಲ. ಕೈಯ ಹಿಂದ ಮಾರಿನೂ ಇಲ್ಲ.

"ಯಾರವ್ವಾ ನೀನು?"

"ಕತ್ಲವ್ವ. ಈ ಹೊತ್ತು ನಂದು. ಕಲ್ಲು ತಿರುವಿ ನೀನ ಕರದಿ, ಬಂದೆ. ಬೀಸೂದು ಮುಗಿಯೂತನಾ ಕೈ ಹಚ್ತೀನಿ ತಂಗಿ. ಆಮ್ಯಾಲ ಕೂಲಿ ಒಯ್ತೀನಿ."

"ಎಷ್ಟು ಹಿಟ್ಟು ಬೇಕು?"

"ಹಿಟ್ಟು ಯಾರಿಗೆ ಬೇಕು? ತೊಡಿ ಮ್ಯಾಲೈತೆಲ್ಲ, ಅದು."

ಸಂಕವ್ವನ ಸೊಕ್ಕು ಅಲ್ಲೇ ಇಳೀತು. ಏಳಾಕ ಹೋದಳು, ಗೂಟ ಆಕಿ ಕೈ ಬಿಡವಲ್ದು. ಮೂರು ಹಿಡಿ ಕಾಳು ಉಳದಿದ್ವು. ಒಂದೊಂದ ಕಾಳು ಹಾಕಿದಳು. ಗರ್ರ್... ಗರ್ರ್... ಅವೂ ಮುಗದ್ವು. ಕರಿ ಕೈ ಕೂಸಿನ ಕಡೆ ಚಾಚ್ತು.

ಸಂಕವ್ವ ಬಿದ್ದ ಹಿಟ್ಟನ್ನ ಬಳದು ತಿರುಗಿ ಕಲ್ಲಿನ ಬಾಯಾಗ ಹಾಕಿದಳು. "ಎಲ್ಲಿ ಮುಗದೈತಿ? ನಮ್ಮತ್ತಿ ಬಾಯಾಗ ಒಂದು ಹಲ್ಲಿಲ್ಲ, ಆಕಿಗೆ ನುಣ್ಣಗ ಬೇಕು. ತಿರುವಕ್ಕಾ!"

ಎರಡು ಸಲ ಬೀಸಿದರು. ಮೂರು ಸಲ ಬೀಸಿದರು. ಏಳನೇ ಸಲಕ್ಕ ಹಿಟ್ಟು ಹೊಗಿ ಆತು, ಮನಿ ತುಂಬ ಎದ್ದಿತು. ಅಷ್ಟರಾಗ ಬೆಳಕಿಂಡಿಯಾಗ ಖರೇ ಬೆಳ್ಳಿ ಇಣುಕಿತು. "ಯಾರಲೇ ಅದು, ನನ್ನ ಹೊತ್ತಿನಾಗ?"

ಕತ್ಲವ್ವ ಚೀರಿದಳು. ಹಿಟ್ಟಿನ ಹೊಗಿಯಾಗ ಆಕಿಗೆ ಏನೂ ಕಾಣವಲ್ದು. ತಡಕಾಡಿ, ಕೂಸು ಅಂತ ಹಿಟ್ಟನ್ನ ಬಾಚ್ಕೊಂಡು ಬೆಳಕಿಂಡಿಯಾಗಿಂದ ಮ್ಯಾಲ ಹಾರಿದಳು. ದಾರಿಗುಂಟ ಹಿಟ್ಟು ಚೆಲ್ತಾನ ಹೋತು. ಮ್ಯಾಲ ಹೋಗಿ ಉಡಿ ಬಿಚ್ಚಿ ನೋಡಿದರ ಕೂಸಿಲ್ಲ.

ಅದಕ ನೋಡು ಮಗಾ, ಬೆಳದಿಂಗಳಿಲ್ಲದ ರಾತ್ರಿ ಮುಗಿಲಿಗುಂಟ ಆ ಹಿಟ್ಟು ಇನ್ನೂ ಬೆಳ್ಳಗ ಬಿದ್ದೈತಿ. ಅದರ ನಟ್ಟನಡುವ ಕರ್ರನ್ನ ಗೀರು ಕಾಣ್ತಾವಲ್ಲ, ಅವು ಆಕಿ ಬೆರಳು, ಇವತ್ತಿಗೂ ತಡಕಾಡಾಕತ್ತಾವ.